ಅಂಬಾಸಡರ್ ಮಾರ್ಕ್ 2: ಓವರ್‌ಫ್ಲೋ ಮತ್ತು ಬ್ರೀದರ್ ಪೈಪುಗಳನ್ನೆಲ್ಲ ಒಂದೇ ಬಾಟಲಿಗೆ ಸೇರಿಸಬಹುದೇ?

ಕಬ್ಬಿನಗದ್ದೆ (ಮಂಡ್ಯ) – ಪ್ರಶ್ನೆ

ನಮ್ಮ ಮನೆಯಲ್ಲಿರುವ 1974ರ ಅಂಬಾಸಡರ್ ಮಾರ್ಕ್ 2 ಕಾರಿನ ಎಂಜಿನ್ ಇಳಿಸಿ, ಬಾನೆಟ್ಟಿನ ಒಳಭಾಗಕ್ಕೆಲ್ಲ ಹೊಸದಾಗಿ ಬಣ್ಣ ಹೊಡೆಸಿ, ಮತ್ತೆ ಕೂರಿಸುವ ಕೆಲಸ ಈಚೆಗೆ ಮುಗಿದಿದೆ. ಎಂಜಿನ್ 1489 ಸಿಸಿಯ ಪೆಟ್ರೋಲ್, ಕಾರ್ಬ್ಯುರೇಟರ್ ಎಸ್‌ಯು ಕಂಪನಿಯದು. ಜೋಡಣೆ ಮಾಡಿದ ಮೆಕ್ಯಾನಿಕ್ ಅನುಭವಸ್ಥರು, ಎಂಜಿನ್ ಕೆಲಸದಲ್ಲಿ ನನಗೆ ಯಾವ ದೂರೂ ಇಲ್ಲ. ಆದರೆ ನೀರು, ಎಣ್ಣೆ, ಪೆಟ್ರೋಲ್ ಉಕ್ಕಿದಾಗ ಅಥವಾ ಆವಿಯಾದಾಗ ಹೊರಹೋಗಲು ಇರುವ ಸಣ್ಣ ಪೈಪುಗಳ ವಿಷಯದಲ್ಲಿ ಅವರು ಮಾಡಿರುವ ಏರ್ಪಾಡು ನನಗೆ ಸಮಾಧಾನ ತಂದಿಲ್ಲ.

ರೇಡಿಯೇಟರ್ ಕುತ್ತಿಗೆಯ ಓವರ್‌ಫ್ಲೋ, ಟ್ಯಾಪೆಟ್ ಕವರಿನ ಬ್ರೀದರ್ (ಎಂಜಿನ್ನಿನೊಳಗಿನ ಹೊಗೆ, ಎಣ್ಣೆಯ ಆವಿ ಹೊರಹೋಗುವ ಕೊಳವೆ), ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿನ ಮುಚ್ಚಳದಿಂದ ಇಳಿಯುವ ತೆಳುವಾದ ಪೈಪು, ಈ ಮೂರನ್ನೂ ಟಿ ಜಾಯಿಂಟುಗಳಿಂದ ಒಂದುಗೂಡಿಸಿ, ರೇಡಿಯೇಟರ್ ಪಕ್ಕದಲ್ಲಿ ಕಟ್ಟಿದ ಒಂದು ಪ್ಲಾಸ್ಟಿಕ್ ಬಾಟಲಿಗೆ ಬಿಟ್ಟಿದ್ದಾರೆ. ಹೀಗೆ ಮಾಡಿದರೆ ಮನೆಯ ಮುಂದಿನ ಕಲ್ಲುಹಾಸಿನ ಮೇಲೆ ಒಂದು ಹನಿಯೂ ಬೀಳುವುದಿಲ್ಲ, ಹೊಸ ಬಣ್ಣವೂ ಉಳಿಯುತ್ತದೆ ಎಂಬುದು ಅವರ ವಾದ. ನೋಡಲು ಅಚ್ಚುಕಟ್ಟಾಗಿಯೇ ಇದೆ. ಹಿಂದುಗಡೆ ಪೆಟ್ರೋಲ್ ಟ್ಯಾಂಕಿನ ಗಾಳಿ ಪೈಪನ್ನು ಮಾತ್ರ ಎಲ್ಲಿಗೂ ಒಯ್ಯದೆ ಡಿಕ್ಕಿಯ ಮೂಲೆಯಲ್ಲೇ ಬಿಟ್ಟಿದ್ದಾರೆ.

ಈಗ ನಾನು ಗಮನಿಸಿರುವುದೇನೆಂದರೆ, ಸಂಜೆ ಓಡಿಸಿ ನಿಲ್ಲಿಸಿದ ಕಾರಿನ ರೇಡಿಯೇಟರಿನಲ್ಲಿ ಬೆಳಿಗ್ಗೆ ನೀರಿನ ಮಟ್ಟ ಇಳಿದಿರುತ್ತದೆ. ಬಾಟಲಿಯಲ್ಲಿ ಮಜ್ಜಿಗೆ ಬಣ್ಣದ ನೊರೆ ಕಟ್ಟಿರುತ್ತದೆ. ಡಿಕ್ಕಿ ತೆಗೆದರೆ ಪೆಟ್ರೋಲ್ ವಾಸನೆ ಬರುತ್ತದೆ. ನೀರು, ಎಣ್ಣೆ ಬೆರೆಯದಂತೆ ಎಂಜಿನ್ನಿನ ತಲೆಯ ಕೆಳಗೆ ಕೂರುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದೆಂದು ಒಬ್ಬರು ಹೆದರಿಸಿದ್ದಾರೆ. ಗ್ಯಾಸ್ಕೆಟ್ಟಿಗೆ ಕೈಹಾಕುವ ಮೊದಲು ಈ ಪೈಪುಗಳನ್ನು ಸರಿಯಾಗಿ ಹೇಗೆ ಒಯ್ಯಬೇಕೆಂದು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಬನ್ನೂರು ರಸ್ತೆ (ಮೈಸೂರು)

ಕಾರ್ಬ್ಯುರೇಟರಿನ ಪೈಪನ್ನು ಆ ಬಾಟಲಿಯಿಂದ ಇಂದೇ ಬಿಡಿಸಿ, ಉಳಿದದ್ದನ್ನು ಆಮೇಲೆ ಓದಬಹುದು.

ಕಾರಣ ಹೀಗಿದೆ. ಫ್ಲೋಟ್ ಚೇಂಬರಿನ ನೀಡಲ್ ವಾಲ್ವಿನಲ್ಲಿ ಒಂದು ಕಸ ಸಿಕ್ಕಿಕೊಂಡರೆ ಸಾಕು, ಪಂಪು ಒತ್ತುತ್ತಿರುವ ಪೆಟ್ರೋಲ್ ನಿಲ್ಲದೆ ತುಂಬಿ ಆ ತೆಳು ಪೈಪಿನಲ್ಲಿ ಹೊರಬರುತ್ತದೆ. ಅಂಬಾಸಡರಿನ ಈ ಬಿಎಂಸಿ ಬಿ ಸೀರೀಸ್ ಎಂಜಿನ್ನಿನಲ್ಲಿ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡುಗಳು ತಲೆಯ ಒಂದೇ ಬದಿಯಲ್ಲಿವೆ, ಅಂದರೆ ಕಾರ್ಬ್ಯುರೇಟರ್ ಕುಳಿತಿರುವುದೇ ಕಾದ ಎಕ್ಸಾಸ್ಟಿನ ನೆತ್ತಿಯ ಮೇಲೆ. ಆದುದರಿಂದ ಆ ಪೈಪು ಎಕ್ಸಾಸ್ಟನ್ನು ದಾಟಿ, ಎಂಜಿನ್ನಿನ ಪಕ್ಕದಲ್ಲಿ ನೇರವಾಗಿ ಕೆಳಗಿಳಿದು, ಚಾಸಿಸ್ ಮಟ್ಟಕ್ಕಿಂತ ಕೆಳಗೆ ಬಯಲಿಗೆ ತೆರೆದುಕೊಳ್ಳಬೇಕು. ಅದರ ಬಾಯಿಗೂ ಸೈಲೆನ್ಸರ್ ಪೈಪಿಗೂ ನಡುವೆ ಒಂದು ಗೇಣಿಗೆ ಕಡಿಮೆಯಿಲ್ಲದ ಅಂತರವಿರಲಿ. ಈ ಭಾಗಕ್ಕೆ ರಬ್ಬರಿಗಿಂತ ತಾಮ್ರದ ಅಥವಾ ಉಕ್ಕಿನ ಕೊಳವೆಯೇ ಮೇಲು.

ಇದರಲ್ಲಿ ಬಹಳ ಜನರ ಗಮನಕ್ಕೆ ಬಾರದ ಇನ್ನೊಂದು ಅಂಶವಿದೆ. ಎಸ್‌ಯುವಿನಲ್ಲಿ ಆ ಪೈಪು ಉಕ್ಕಿದ ಪೆಟ್ರೋಲಿಗೆ ದಾರಿಯಾಗಿರುವಂತೆಯೇ ಫ್ಲೋಟ್ ಚೇಂಬರಿಗೆ ಗಾಳಿ ಬರುವ ದಾರಿಯೂ ಆಗಿದೆ. ಚೇಂಬರಿನಲ್ಲಿರುವ ಪೆಟ್ರೋಲಿನ ಮೇಲೆ ಹೊರಗಿನ ವಾಯುಭಾರವೇ ಬೀಳಬೇಕು. ಆಗ ಮಾತ್ರ ಜೆಟ್ಟಿನಲ್ಲಿ ಲೆಕ್ಕಕ್ಕೆ ಸರಿಯಾಗಿ ಪೆಟ್ರೋಲ್ ಏರುತ್ತದೆ. ನಿಮ್ಮ ಮೆಕ್ಯಾನಿಕ್ ಅದನ್ನು ಬ್ರೀದರಿನ ಜೊತೆ ಕೂಡಿಸಿರುವುದರಿಂದ ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಕೆಳಭಾಗದ ಕವಚದ, ಒತ್ತಡ ಏರಿಳಿದಂತೆಲ್ಲ ಮಿಶ್ರಣವೂ ಏರಿಳಿಯುತ್ತದೆ. ಐಡ್ಲಿಂಗ್ ಒಂದೇ ಸಮ ನಿಲ್ಲುತ್ತಿಲ್ಲವಾದರೆ ಕಾರ್ಬ್ಯುರೇಟರ್ ಟ್ಯೂನಿಂಗಿಗೆ ಹೊರಡುವ ಮುನ್ನ ಈ ಜಾಯಿಂಟನ್ನು ಬಿಡಿಸಿ ನೋಡಿ.

ಇನ್ನು ನೀರಿನ ವಿಷಯ. ನೀರನ್ನು 25 ಡಿಗ್ರಿಯಿಂದ 90 ಡಿಗ್ರಿಗೆ ಕಾಯಿಸಿದರೆ ಅದು ಸುಮಾರು ಶೇಕಡಾ 3ಕ್ಕಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಎಂಟು ಲೀಟರ್ ನೀರಿಗೆ ಇದು ಕಾಲು ಲೀಟರ್ ಆಯಿತು. ಬಾಯಿಯವರೆಗೆ ತುಂಬಿದ ರೇಡಿಯೇಟರ್ ಈ ಕಾಲು ಲೀಟರನ್ನು ಹೊರಗೆ ಹಾಕಲೇಬೇಕು, ಅದು ರೋಗವಲ್ಲ. ತಣಿಯುವಾಗ ಅಷ್ಟೇ ನೀರನ್ನು ಬಾಟಲಿಯಿಂದ ಹಿಂದಕ್ಕೆ ಹೀರಿಕೊಳ್ಳಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಪೈಪಿನ ತುದಿ ಬಾಟಲಿಯ ತಳದ ಹತ್ತಿರ ಸದಾ ನೀರಿನಲ್ಲಿ ಮುಳುಗಿರಬೇಕು. ಕುತ್ತಿಗೆಯಿಂದ ಬಾಟಲಿಯವರೆಗೆ ಎಲ್ಲಿಯೂ ಗಾಳಿ ನುಸುಳದಂತೆ ಕ್ಲಿಪ್ಪುಗಳು ಬಿಗಿಯಾಗಿರಬೇಕು. ರೇಡಿಯೇಟರ್ ಕ್ಯಾಪು ಅದಕ್ಕೆ ತಕ್ಕದ್ದಾಗಿರಬೇಕು. ಈ ಮೂರನೆಯದನ್ನೇ ಎಲ್ಲರೂ ಮರೆಯುವುದು. ಹಳೆಯ ಕ್ಯಾಪಿನಲ್ಲಿ ಕೆಳಗಡೆ ಒತ್ತಡ ತಡೆಯುವ ರಬ್ಬರ್ ವಾಷರ್ ಮಾತ್ರ ಇರುತ್ತದೆ. ಬಾಟಲಿ ಇರುವ ವ್ಯವಸ್ಥೆಯ ಕ್ಯಾಪಿಗೆ ಮೇಲ್ಗಡೆ, ಕುತ್ತಿಗೆಯ ಅಂಚಿಗೆ ಕೂರುವ ಇನ್ನೊಂದು ವಾಷರ್ ಬೇಕು. ಅದಿಲ್ಲದಿದ್ದರೆ ತಣಿಯುವ ರೇಡಿಯೇಟರ್ ಬಾಟಲಿಯ ನೀರನ್ನು ಎಳೆಯುವ ಬದಲು ಕ್ಯಾಪಿನ ಸಂದಿನಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ನಿಮ್ಮಲ್ಲಿ ಟಿ ಜಾಯಿಂಟಿನ ಮೂಲಕವೂ ಗಾಳಿ ಬರುತ್ತಿದೆ. ಬೆಳಿಗ್ಗೆ ಮಟ್ಟ ಇಳಿದಿರುವುದಕ್ಕೆ ಇಷ್ಟೇ ಸಾಕು.

ಮಜ್ಜಿಗೆ ಬಣ್ಣದ ನೊರೆಯ ಬಗ್ಗೆಯೂ ಗಾಬರಿ ಬೇಡ. ಬ್ರೀದರಿನಿಂದ ಬರುವ ಎಣ್ಣೆಯ ಆವಿ ನೀರಿರುವ ಬಾಟಲಿಗೆ ಬಂದರೆ ಅಲ್ಲಿ ಆಗುವುದು ಅದೇ. ಬಾಟಲಿಯಲ್ಲಿ ಕಂಡ ನೊರೆಯಿಂದ ಹೆಡ್ ಗ್ಯಾಸ್ಕೆಟ್ಟಿನ ತೀರ್ಮಾನ ಮಾಡಲಾಗದು. ಪೈಪುಗಳನ್ನು ಬೇರ್ಪಡಿಸಿ, ಬಾಟಲಿಯನ್ನು ತೊಳೆದು, ಆಮೇಲೂ ರೇಡಿಯೇಟರಿನಲ್ಲೇ ಎಣ್ಣೆ ತೇಲಿದರೆ ಅಥವಾ ಡಿಪ್‌ಸ್ಟಿಕ್ಕಿನಲ್ಲಿ ನೊರೆ ಕಂಡರೆ ಆಗ ಯೋಚಿಸೋಣ.

ಪದ್ಮಿನಿ 1100 (ಮೈಸೂರು)

ಪೆಟ್ರೋಲಿನ ಪೈಪಿನ ಬಗ್ಗೆ ಮೇಲಿನವರು ಹೇಳಿದ್ದನ್ನು ನಾನು ಅಕ್ಷರಶಃ ಒಪ್ಪುತ್ತೇನೆ. ಆದರೆ ಬಾಟಲಿಯೇ ಏಕೆ ಬೇಕು ಎಂಬುದು ನನ್ನ ಪ್ರಶ್ನೆ. ಅಂಬಾಸಡರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಬಂದ ಕಾಲದಲ್ಲಿ ರೇಡಿಯೇಟರಿನ ಓವರ್‌ಫ್ಲೋ ಪೈಪು ಪಕ್ಕದಲ್ಲೇ ಇಳಿದು ನೆಲವನ್ನು ನೋಡುತ್ತಿತ್ತು. ರೇಡಿಯೇಟರಿನ ಮೇಲಿನ ಟ್ಯಾಂಕಿನಲ್ಲಿ ಕೋರ್ (ನೀರು ತಣಿಯುವ ಕೊಳವೆಗಳ ಭಾಗ) ಮುಳುಗುವಷ್ಟು ನೀರಿಟ್ಟು, ಅದರ ಮೇಲೆ ಎರಡು ಬೆರಳಿನಷ್ಟು ಜಾಗ ಖಾಲಿ ಬಿಟ್ಟರೆ ಹಿಗ್ಗಿದ ನೀರು ಅಲ್ಲೇ ಹಿಡಿಸುತ್ತದೆ. ಬಾಯಿಯವರೆಗೆ ತುಂಬಿಸುವವರಿಗೆ ಮಾತ್ರ ನೀರು ಚೆಲ್ಲುತ್ತದೆ, ಚೆಲ್ಲಿದ ಮೇಲೆ ಕಾರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ. ನನ್ನ ಪದ್ಮಿನಿಯ ಓವರ್‌ಫ್ಲೋ ಪೈಪನ್ನೂ ನಾನು ನೆಲದ ಕಡೆಗೇ ಬಿಟ್ಟಿದ್ದೇನೆ. 1089 ಸಿಸಿಯ ಆ ಚಿಕ್ಕ ಎಂಜಿನ್ ಚಾಮುಂಡಿ ಬೆಟ್ಟವನ್ನು ತಲೆ ಕೆಡಿಸಿಕೊಳ್ಳದೆ ಹತ್ತುತ್ತದೆ.

ಬ್ರೀದರಿನ ವಿಷಯದಲ್ಲೂ ನನ್ನ ಮತ ಮೂಲ ವ್ಯವಸ್ಥೆಯ ಕಡೆಗಿದೆ. ಆ ಕಾಲದ ಎಂಜಿನ್ನುಗಳಲ್ಲಿ ಟ್ಯಾಪೆಟ್ ಕವರಿನಿಂದ ಒಂದು ಕೊಳವೆ ಕೆಳಗಿಳಿಯುತ್ತಿತ್ತು. ಅದರ ತುದಿಯನ್ನು ಓರೆಯಾಗಿ ಕತ್ತರಿಸಿ, ಬಾಯಿ ಹಿಂದಕ್ಕೆ ನೋಡುವಂತೆ ಇಟ್ಟರೆ ಕಾರು ಓಡುವಾಗ ಕೆಳಗೆ ಹಾಯುವ ಗಾಳಿ ಕ್ರ್ಯಾಂಕ್‌ಕೇಸಿನ ಹೊಗೆಯನ್ನು ತಾನೇ ಎಳೆದೊಯ್ಯುತ್ತದೆ. ಕೆಡುವಂಥ ವಾಲ್ವು ಇಲ್ಲ, ಕಟ್ಟಿಕೊಳ್ಳುವ ತಿರುವು ಇಲ್ಲ. ಆದರೆ ಓರೆಯ ಬಾಯಿಯನ್ನು ಮುಂದಕ್ಕೆ ತಿರುಗಿಸಿ ಕೂರಿಸಿದ ಕಾರುಗಳನ್ನೂ ನೋಡಿದ್ದೇನೆ. ಅಂಥ ಎಂಜಿನ್ನಿಗೆ ಹೊರಗಿನ ಗಾಳಿಯೂ ಧೂಳೂ ಒಳಕ್ಕೆ ನುಗ್ಗುತ್ತವೆ. ಎಣ್ಣೆ ಸೀಲುಗಳ ಮೂಲಕ ಹೊರಬರುತ್ತದೆ. ಆಮೇಲೆ ಸೀಲು ಸರಿಯಿಲ್ಲವೆಂದು ಅಂಗಡಿಯವನನ್ನು ಬೈಯುತ್ತಾರೆ.

ಬನ್ನೂರು ರಸ್ತೆ (ಮೈಸೂರು)

ಬರಿಯ ನೀರು ಹಾಕುತ್ತಿದ್ದ ಕಾಲಕ್ಕೆ ನೆಲಕ್ಕೆ ಬಿಡುವ ಪೈಪು ಸರಿಯಾಗಿತ್ತು. ಈಗ ತುಕ್ಕು ಹಿಡಿಯದಿರಲೆಂದು ಎಲ್ಲರೂ ಕೂಲಂಟ್ ಹಾಕುತ್ತಾರೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ನಮ್ಮ ಬೀದಿಗಳಲ್ಲಿ ನಾಯಿ, ಬೆಕ್ಕು, ದನಗಳು ನೆಲದಲ್ಲಿ ನಿಂತದ್ದನ್ನು ನೆಕ್ಕುವುದು ದಿನನಿತ್ಯದ ನೋಟ. ಈ ಒಂದೇ ಕಾರಣಕ್ಕೆ ನಾನು ಬಾಟಲಿಯ ಪರ. ಅದನ್ನು ಸಣ್ಣ ಬ್ರಾಕೆಟ್ಟಿನ ಮೇಲೆ, ಇರುವ ಬೋಲ್ಟುಗಳಿಗೇ ಕೂರಿಸಿದರೆ ಕಾರಿನ ಮೈಗೆ ಒಂದು ತೂತೂ ಬೀಳುವುದಿಲ್ಲ. ಮೂಲ ರೂಪ ಬೇಕೆಂದ ದಿನ ಕಳಚಿಡಬಹುದು.

ಓರೆಬಾಯಿಯ ಬ್ರೀದರ್ ಓಡುವ ಕಾರಿಗೆ ಚೆನ್ನ, ನಿಂತ ಕಾರಿಗೆ ಅಲ್ಲ. ದಸರೆಯ ದಿನಗಳಲ್ಲಿ ಸಯ್ಯಾಜಿರಾವ್ ರಸ್ತೆಯ ದಟ್ಟಣೆಯಲ್ಲಿ ಆಮೆಯ ವೇಗದಲ್ಲಿ ಸಾಗುವಾಗ ಎಳೆಯುವ ಗಾಳಿಯೇ ಇರುವುದಿಲ್ಲವಾದ್ದರಿಂದ ಹೊಗೆಯೆಲ್ಲ ಬಾನೆಟ್ಟಿನೊಳಗೆ ಎದ್ದು ಕಾರಿನೊಳಕ್ಕೇ ಬರುತ್ತದೆ. ಬ್ರೀದರನ್ನು ಏರ್ ಕ್ಲೀನರಿನ ಶುದ್ಧ ಗಾಳಿಯ ಬದಿಗೆ ಜೋಡಿಸಿದರೆ ಎಂಜಿನ್ನೇ ಅದನ್ನು ಹೀರಿ ಸುಡುತ್ತದೆ. ಆದರೆ ಪೈಪು ಟ್ಯಾಪೆಟ್ ಕವರಿನಿಂದ ಏರ್ ಕ್ಲೀನರಿನವರೆಗೆ ಎಡೆಬಿಡದೆ ಮೇಲೇರುತ್ತ ಹೋಗಬೇಕು. ನಡುವೆ ಜೋತುಬಿದ್ದ ಒಂದು ತಗ್ಗು ಇದ್ದರೂ ಅಲ್ಲಿ ನೀರು ಮತ್ತು ಎಣ್ಣೆ ನಿಂತು, ಬೆಳಗಿನ ಚಳಿಗೆ ಗಟ್ಟಿಯಾಗಿ, ದಾರಿಯನ್ನು ಮುಚ್ಚುತ್ತದೆ. ದಾರಿ ಮುಚ್ಚಿದರೆ ಎಣ್ಣೆ ಹಿಂಭಾಗದ ಕ್ರ್ಯಾಂಕ್ ಕಡೆಯಿಂದ ಕ್ಲಚ್ಚಿಗೆ ಇಳಿಯುತ್ತದೆ. ಇನ್‌ಲೆಟ್ ಮ್ಯಾನಿಫೋಲ್ಡಿಗೆ ನೇರವಾಗಿ ಜೋಡಿಸುವ ಯೋಚನೆಯನ್ನಂತೂ ಮಾಡಬೇಡಿ. ಅಲ್ಲಿಯ ನಿರ್ವಾತ ಬಹಳ ಬಲವಾದದ್ದು, ನಡುವೆ ಆ ಎಳೆತವನ್ನು ಹದದಲ್ಲಿಡುವ ಪಿಸಿವಿ ವಾಲ್ವು ಇಲ್ಲದಿದ್ದರೆ ಎಣ್ಣೆಯನ್ನೇ ಎಳೆದು ಕುಡಿಯುತ್ತದೆ.

ಇದಕ್ಕೆಲ್ಲ ಮೊದಲು ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದು ನೋಡಿ. ಮೆಲ್ಲಗೆ ಉಸಿರಾಡಿದಂತಿದ್ದರೆ ಸರಿ. ಕೈಯನ್ನು ತಳ್ಳುವಷ್ಟು ಬುಸುಗುಟ್ಟಿದರೆ ಪಿಸ್ಟನ್ ರಿಂಗುಗಳು ಸವೆದಿವೆ ಎಂದರ್ಥ, ಅದನ್ನು ಪೈಪಿನ ದಾರಿ ಬದಲಿಸಿ ಗುಣಪಡಿಸಲಾಗದು.

ಕಬ್ಬಿನಗದ್ದೆ (ಮಂಡ್ಯ)

ಇಬ್ಬರಿಗೂ ಕೃತಜ್ಞತೆಗಳು. ಟಿ ಜಾಯಿಂಟುಗಳನ್ನು ತೆಗೆದುಹಾಕಿದ್ದೇನೆ. ಕ್ಯಾಪಿನಲ್ಲಿ ಮೇಲಿನ ವಾಷರ್ ಇರಲೇ ಇಲ್ಲ. ಅಂಗೈ ಪರೀಕ್ಷೆಯಲ್ಲಿ ಎಂಜಿನ್ ಮೆಲ್ಲಗೆ ಉಸಿರಾಡುತ್ತಿದೆ, ಆದುದರಿಂದ ಬ್ರೀದರನ್ನು ಏರ್ ಕ್ಲೀನರಿಗೆ ಒಯ್ಯಲು ನಿರ್ಧರಿಸಿದ್ದೇನೆ. ಕಾರ್ಬ್ಯುರೇಟರಿನ ಪೈಪನ್ನು ಕೆಳಕ್ಕೆ ಇಳಿಸಿದ ಮೇಲೆ ಐಡ್ಲಿಂಗ್ ಹದಕ್ಕೆ ಬಂದಿದೆ.

ಇನ್ನು ಎರಡು ಪ್ರಶ್ನೆಗಳಿವೆ. ಈ ಕಾರನ್ನು ಗುಂಡ್ಲುಪೇಟೆ, ಬಂಡೀಪುರದ ಮಾರ್ಗವಾಗಿ ಊಟಿಗೆ ಒಯ್ಯುವ ಆಸೆಯಿದೆ. ನೀರು ಕುದಿಯದಿರಲೆಂದು ಹೆಚ್ಚು ಒತ್ತಡದ, ಅಂದರೆ ಚದರ ಅಂಗುಲಕ್ಕೆ 13 ಪೌಂಡಿನ ಕ್ಯಾಪು ಹಾಕಿಕೊಳ್ಳುವಂತೆ ಅಂಗಡಿಯಲ್ಲಿ ಸಲಹೆ ಬಂದಿದೆ. ಹಾಕಬಹುದೇ? ಹಾಗೆಯೇ ಟ್ಯಾಂಕಿನ ಗಾಳಿ ಪೈಪನ್ನು ಡಿಕ್ಕಿಯಿಂದ ಎಲ್ಲಿಗೆ ಒಯ್ಯಲಿ?

ಚಾಮುಂಡಿಪುರಂ (ಮೈಸೂರು)

ಕ್ಯಾಪಿನದು ಕುಕ್ಕರಿನ ವೆಯ್ಟಿನ ಕೆಲಸವೇ, ಒತ್ತಡ ಏರಿದಷ್ಟೂ ನೀರು ಕುದಿಯುವ ಬಿಸಿಯೂ ಏರುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. 2,240 ಮೀಟರ್ ಎತ್ತರದ ಊಟಿಯಲ್ಲಿ 92–93 ಡಿಗ್ರಿಗೇ ಕುದಿಯುತ್ತದೆ. 7 ಪೌಂಡಿನ ಒಳ್ಳೆಯ ಕ್ಯಾಪಿದ್ದರೆ ಮೈಸೂರಿನಲ್ಲಿ ಈ ಮಿತಿ ಸುಮಾರು 109 ಡಿಗ್ರಿಗೂ ಊಟಿಯಲ್ಲಿ ಸುಮಾರು 106 ಡಿಗ್ರಿಗೂ ಏರುತ್ತದೆ. ಆರೋಗ್ಯವಾಗಿರುವ ಎಂಜಿನ್ನಿಗೆ ಇದು ಧಾರಾಳ. 13 ಪೌಂಡಿನ ಕ್ಯಾಪು ಹಾಕಿದರೆ ಐವತ್ತು ವರ್ಷದ ರೇಡಿಯೇಟರಿನ ಬೆಸುಗೆ, ಹೀಟರಿನ ಕೋರ್, ವಾಟರ್ ಪಂಪಿನ ಸೀಲು, ಇವುಗಳಲ್ಲಿ ಯಾವುದು ದುರ್ಬಲವೋ ಅದು ಮೊದಲು ಬಾಯಿಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಸಲಹೆಯನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ.

ಒತ್ತಡದ ಅಂಕಿಯಷ್ಟೇ ಮುಖ್ಯವಾದದ್ದು ಕ್ಯಾಪಿನ ಆಳ. ಹಳೆಯ ರೇಡಿಯೇಟರುಗಳ ಕುತ್ತಿಗೆಯಲ್ಲಿ ಗಿಡ್ಡ, ಉದ್ದ ಎಂಬ ಎರಡು ಬಗೆಗಳಿವೆ. ಉದ್ದ ಕುತ್ತಿಗೆಗೆ ಗಿಡ್ಡ ಕ್ಯಾಪು ಹಾಕಿದರೆ ಅದು ಮೇಲೆ ತಿರುಗಿ ಕೂರುತ್ತದೆ, ಕೈಗೆ ಬಿಗಿಯಾಗಿಯೂ ಇರುತ್ತದೆ, ಆದರೆ ಅದರ ಸ್ಪ್ರಿಂಗು ಒಳಗಿನ ಪೀಠವನ್ನು ಮುಟ್ಟುವುದೇ ಇಲ್ಲ. ಕಾರು ಒತ್ತಡವೇ ಇಲ್ಲದೆ ಓಡುತ್ತಿರುತ್ತದೆ. ಕುತ್ತಿಗೆಯ ಅಂಚಿನಿಂದ ಒಳಪೀಠದವರೆಗಿನ ಆಳವನ್ನು ಅಳೆದುಕೊಂಡು ಹೋಗಿ ಕ್ಯಾಪು ಕೊಳ್ಳಿ. ಘಾಟಿಯಲ್ಲಿ ಮುಳ್ಳು ಕೆಂಪಿಗೆ ಹೋದರೆ ಎಂಜಿನ್ನನ್ನು ತಟ್ಟನೆ ನಿಲ್ಲಿಸದೆ ಸ್ವಲ್ಪ ಹೊತ್ತು ಐಡ್ಲಿಂಗಿನಲ್ಲಿ ಬಿಡಿ. ಬಿಸಿ ಇರುವಾಗ ಕ್ಯಾಪಿಗೆ ಕೈಹಾಕಬಾರದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಟ್ಯಾಂಕಿನ ವಿಷಯಕ್ಕೆ ಬರುತ್ತೇನೆ. ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ಹತ್ತಿರಹತ್ತಿರ ಶೇಕಡಾ 1ರಷ್ಟು ಹಿಗ್ಗುತ್ತದೆ. ಬಂಕಿನ ನೆಲದಡಿಯ ತಂಪಿನಿಂದ ಬಂದ 50 ಲೀಟರನ್ನು ಬಾಯಿತುಂಬ ತುಂಬಿಸಿ, ಏಪ್ರಿಲ್ ಬಿಸಿಲಿನಲ್ಲಿ ಕಾರು ನಿಲ್ಲಿಸಿ, ಅದು 15 ಡಿಗ್ರಿ ಏರಿತೆನ್ನಿ. ಮುಕ್ಕಾಲು ಲೀಟರಿನಷ್ಟು ಪೆಟ್ರೋಲ್ ಹೊರದಾರಿ ಹುಡುಕುತ್ತದೆ. ನಿಮ್ಮಲ್ಲಿ ಆ ದಾರಿ ಡಿಕ್ಕಿಗೆ ತೆರೆದುಕೊಂಡಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಡಿಕ್ಕಿಯ ತಳದಲ್ಲೇ ಕೂತುಬಿಡುತ್ತದೆ, ಅಲ್ಲಿ ಬಲ್ಬಿನ ವೈರು ಒಂದು ಕಿಡಿ ಕೊಟ್ಟರೆ ಮುಗಿಯಿತು. ಗಾಳಿ ಪೈಪನ್ನು ಟ್ಯಾಂಕಿನಿಂದ ಮೊದಲು ಮೇಲಕ್ಕೆ, ಪೆಟ್ರೋಲ್ ತುಂಬುವ ಬಾಯಿಗಿಂತಲೂ ಎತ್ತರಕ್ಕೆ ಒಯ್ದು, ಅಲ್ಲಿ ಕೊಕ್ಕೆಯಂತೆ ಬಗ್ಗಿಸಿ, ಆಮೇಲೆ ಡಿಕ್ಕಿಯ ತಳದಲ್ಲಿ ರಬ್ಬರ್ ಗ್ರಾಮೆಟ್ಟಿನ ಮೂಲಕ ಹೊರಕ್ಕೆ ಇಳಿಸಬೇಕು. ಎತ್ತರದ ಆ ಬಾಗು ಇಲ್ಲದಿದ್ದರೆ ತಿರುವಿನಲ್ಲಿ ಟ್ಯಾಂಕು ಕುಲುಕಿದಾಗಲೆಲ್ಲ ಪೆಟ್ರೋಲ್ ಪೈಪಿಗೆ ಬರುತ್ತದೆ, ಒಮ್ಮೆ ಹರಿಯತೊಡಗಿದರೆ ಸೈಫನ್ ಆಗಿ ಹರಿಯುತ್ತಲೇ ಇರುತ್ತದೆ. ಹೊರಗಿನ ತುದಿ ಸೈಲೆನ್ಸರ್ ಇರುವ ಬದಿಗೆ ಇರಬಾರದು, ಹಿಂಚಕ್ರ ಎರಚುವ ಕೆಸರಿಗೂ ಸಿಗಬಾರದು. ವಾಸನೆಗೆ ಹೆದರಿ ಪೈಪನ್ನೇ ಮುಚ್ಚಿಬಿಡುವವರಿದ್ದಾರೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿರಂಧ್ರ ಇಲ್ಲದ ಕಾರಿನಲ್ಲಿ ಹಾಗೆ ಮಾಡಿದರೆ ಟ್ಯಾಂಕಿನಲ್ಲಿ ನಿರ್ವಾತವಾಗಿ, ಸ್ವಲ್ಪ ದೂರ ಓಡಿದ ಮೇಲೆ ಎಂಜಿನ್ ಪೆಟ್ರೋಲ್ ಸಿಗದೆ ಸಾಯುತ್ತದೆ. ಮುಚ್ಚಳ ತೆಗೆದಾಗ ಸುಯ್ಯೆಂದು ಗಾಳಿ ಒಳಹೋದರೆ ಇದೇ ತೊಂದರೆ.

ನೀವು ಕೇಳದ ಒಂದನ್ನೂ ಹೇಳುತ್ತೇನೆ. ಹಿಂದಿನ ಆ್ಯಕ್ಸಲ್ ಕವಚದ ಮೇಲೆ ಒಂದು ಪುಟ್ಟ ಬ್ರೀದರ್ ಇದೆ, ಮಂಡ್ಯದ ನಾಲೆ ಏರಿಯ ರಸ್ತೆಗಳ ಕೆಸರಿಗೆ ಅದು ಕಟ್ಟಿಕೊಳ್ಳುವುದು ಸಹಜ. ಕಟ್ಟಿಕೊಂಡರೆ ಬಿಸಿಯಾದ ಡಿಫರೆನ್ಷಿಯಲ್ಲಿನ ಗಾಳಿ ಗೇರ್ ಆಯಿಲನ್ನು ಚಕ್ರದ ಸೀಲುಗಳ ಮೂಲಕ ಬ್ರೇಕ್ ಲೈನರಿಗೆ ತಳ್ಳುತ್ತದೆ. ಊಟಿಯಿಂದ ಇಳಿಯುವ ದಾರಿಯಲ್ಲಿ ಅದು ಗೊತ್ತಾಗುವುದು ಬೇಡ. ಶುಚಿಮಾಡಿದರೆ ಸಾಕು, ಪೈಪು ಹಾಕಿ ಮೇಲೆ ಒಯ್ಯುವುದಾದರೆ ಕಾರಿನ ಮೈಯನ್ನು ಜಾಕ್ ಮೇಲೆ ಎತ್ತಿ, ಆ್ಯಕ್ಸಲ್ ಪೂರ್ತಿ ಕೆಳಗೆ ಜೋತಾಡುವಾಗಲೂ ಪೈಪು ಸೆಳೆಯದಷ್ಟು ಸಡಿಲ ಬಿಡಿ.

ಪದ್ಮಿನಿ 1100 (ಮೈಸೂರು)

ನಾಯಿ, ದನಗಳ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಬಾಟಲಿ ಇರಲಿ. ಆದರೆ ಪೈಪು ಯಾವ ರಬ್ಬರಿನದೆಂದು ಯಾರೂ ಹೇಳಲಿಲ್ಲ. ಕೂಲಂಟಿಗೆ ಹೀಟರ್ ಹೋಸ್, ಅಂದರೆ ಇಪಿಡಿಎಂ ರಬ್ಬರ್ ಸರಿ. ಅದನ್ನೇ ಬ್ರೀದರಿಗೆ ಹಾಕಿದರೆ ಎಣ್ಣೆಗೆ ಉಬ್ಬಿ ಮೆತ್ತಗಾಗಿ ಒಳಗೇ ಮುಚ್ಚಿಕೊಳ್ಳುತ್ತದೆ, ಅಲ್ಲಿಗೆ ನೈಟ್ರೈಲ್ ಬೇಕು. ಪೆಟ್ರೋಲಿಗೆ ಈಗ ನೈಟ್ರೈಲೂ ಸಾಲದು. ಬಂಕಿನಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಇ20. ಮಂಡ್ಯದವರು ಕಬ್ಬು ಬೆಳೆದು ಅದರಿಂದಲೇ ತಮ್ಮ ಹಳೆಯ ಕಾರಿನ ಹೋಸ್ ಕರಗಿಸಿಕೊಳ್ಳುವ ಕಾಲ ಬಂದಿದೆ. ಒಳಪದರ ಫ್ಲೋರೋಎಲಾಸ್ಟೊಮರಿನದಾಗಿರುವ, ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವ ಹೋಸನ್ನೇ ಕೇಳಿ ತೆಗೆದುಕೊಳ್ಳಿ. ಅಂಗಡಿಯಲ್ಲಿ ಕತ್ತರಿಸಿ ಕೊಡುವ ಪಾರದರ್ಶಕ ಪ್ಲಾಸ್ಟಿಕ್ ಪೈಪು ಬಾನೆಟ್ಟಿನೊಳಗೆ ಯಾವುದಕ್ಕೂ ಬೇಡ, ಬಿಸಿಗೆ ಮೆತ್ತಗಾಗಿ ಮಡಿಚಿಕೊಳ್ಳುತ್ತದೆ.

ಬ್ರೇಕ್ ಆಯಿಲ್ ಡಬ್ಬಿಗೆ ಮಾತ್ರ ಯಾವ ಪೈಪೂ ಬೇಕಿಲ್ಲ. ಮುಚ್ಚಳದ ಸೂಜಿರಂಧ್ರ ತೆರೆದಿದ್ದರೆ ಸಾಕು, ಗುರುತಿಗಿಂತ ಮೇಲೆ ತುಂಬಿಸಬೇಡಿ. ಆ ದ್ರವದ ಒಂದು ಹನಿ ಬಿದ್ದರೂ ನಿಮ್ಮ ಹೊಸ ಬಣ್ಣ ಏಳುತ್ತದೆ. ಬಿದ್ದ ಕೂಡಲೇ ಒರೆಸದೆ ನೀರು ಸುರಿದು ತೊಳೆಯಬೇಕು.

ಕಬ್ಬಿನಗದ್ದೆ (ಮಂಡ್ಯ)

ಟ್ಯಾಂಕಿನ ಪೈಪನ್ನು ಎತ್ತರಕ್ಕೆ ಒಯ್ದು ಎಡಬದಿಯಿಂದ ಹೊರಗಿಳಿಸಲು ಜಾಗವಿದೆ, ಸೈಲೆನ್ಸರ್ ಬಲಕ್ಕಿದೆ. ಹೊರಗಿನ ತುದಿಗೆ ಹುಳುಹುಪ್ಪಟೆ ಹೋಗದಂತೆ ಬಟ್ಟೆ ಕಟ್ಟಬಹುದೇ?

ಚಾಮುಂಡಿಪುರಂ (ಮೈಸೂರು)

ಬಟ್ಟೆ ಬೇಡ, ನೆನೆದು ಧೂಳು ಹಿಡಿದರೆ ಅದೇ ಬಿರಡೆಯಾಗುತ್ತದೆ. ಆದರೆ ನಿಮ್ಮ ಅನುಮಾನ ಸರಿಯಾದದ್ದೇ. ಶೆಡ್ಡಿನಲ್ಲಿ ವಾರಗಟ್ಟಲೆ ನಿಲ್ಲುವ ಕಾರಿನ ತೆರೆದ ಪೈಪುಗಳಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ, ಅದು ಒಣಗಿದರೆ ಸಿಮೆಂಟಿನಂತೆ ಕೂರುತ್ತದೆ. ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಒಳಗೆ ಹಿತ್ತಾಳೆಯ ಸಣ್ಣ ಜಾಲರಿಯ ತುಂಡನ್ನು ಸುರುಳಿ ಸುತ್ತಿ ಕೂರಿಸಿ. ಆಯಿಲ್ ಬದಲಿಸುವಾಗಲೆಲ್ಲ ಟ್ಯಾಂಕಿನ ಮುಚ್ಚಳ ಹಾಕಿರುವಂತೆಯೇ ಮೇಲಿನ ತುದಿಯನ್ನು ಬಿಡಿಸಿ ಬಾಯಿಯಿಂದ ಊದದೆ ಸೈಕಲ್ ಪಂಪಿನಿಂದ ಒಮ್ಮೆ ಗಾಳಿ ಹಾಯಿಸಿದರೆ ದಾರಿ ತೆರೆದಿದೆಯೇ ಎಂಬುದು ತಿಳಿಯುತ್ತದೆ.